ತಾರೀಖು ಕತ್ತರಿಸಿದ ಮಾತು

ಶ್ರಾವಣದ ಮೊದಲ ಗುರುವಾರ. ಬೆಳಗಿನ ಏಳು ಗಂಟೆ ಇಪ್ಪತ್ತು ನಿಮಿಷ. ಸ್ಥಳ ಗೋಕಾಕ, ಹೊಳೆಯ ಕಡೆಗೆ ಇಳಿಯುವ ನಮ್ಮ ಓಣಿಯ ಬಾಯಿ. ಟ್ರ್ಯಾಕ್ಟರಿನ ಡ್ರೈವರನನ್ನು ಬಿಟ್ಟರೆ ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ, ಮತ್ತು ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಗೋಣಿಚೀಲಗಳ ನಡುವೆ ನಿಂತಿದ್ದ ನನ್ನ ಗೆಳೆಯ. ಅವನು ಕಟ್ಟಿಗೆಯ ಆಟಿಕೆ ಮಾಡುವವನು.

ಹೀಗೆ ಶುರು ಮಾಡುವುದು ನನಗೆ ರೂಢಿ. ನಾನು ಓದಿದ್ದು ಮಠದ ಬೋರ್ಡಿಂಗಿನಲ್ಲಿ. ಅಲ್ಲಿ ನಸುಕಿನ ಗಂಟೆಗೆ ಏಳದವನಿಗೆ ಆ ಹೊತ್ತಿನ ಪ್ರಸಾದ ಸಿಗುತ್ತಿರಲಿಲ್ಲ. ಆಮೇಲೆ ನಿವೃತ್ತಿಯವರೆಗೆ ಮಾಡಿದ ನೌಕರಿ ಒಂದೇ, ಘಟಪ್ರಭೆಯ ನೀರಿನ ಮಟ್ಟ ಓದಿ ಬರೆಯುವುದು. ದಿನಾಂಕ, ಗಂಟೆ, ಹಾಜರಿದ್ದವರು. ಈ ಮೂರಿಲ್ಲದ ಮಾತು ನನ್ನ ಪಾಲಿಗೆ ಮಾತಲ್ಲ, ಗಾಳಿ.

ಹಿಂದಿನ ದಿನ ನಾನೂ ಹೆಂಡತಿಯೂ ಕೌಜಲಗಿಗೆ, ಅವಳ ಅಕ್ಕನ ಮನೆಗೆ ಹೋಗಿ ಅಲ್ಲೇ ಉಳಿದು, ಮೊದಲ ಬಸ್ಸಿಗೆ ತಿರುಗಿ ಬಂದಿದ್ದೆವು. ಓಣಿಯ ಬಾಯಿಗೆ ಬಂದರೆ ಅರ್ಧ ಮನೆಗಳಿಗೆ ಬೀಗ. ಕಟ್ಟೆಯ ಮೇಲೆ ಹಾಸಿಗೆ ಸುರುಳಿ, ಕೊಡ, ಫ್ಯಾನು, ಒಂದು ಹೊಲಿಗೆ ಯಂತ್ರ. ಟ್ರ್ಯಾಕ್ಟರು ಊರೊಳಗಿನಿಂದ ಓಣಿಗೆ ವಾಪಸು ಬರುತ್ತಿತ್ತು.

"ಬಂದ್ರೇನ್ರಿ ಸಾಹೇಬ್ರ?" ಎಂದ ಗೆಳೆಯ ಟ್ರಾಲಿಯ ಮೇಲಿನಿಂದಲೇ. "ನೀರಂತೂ ಬರ್ಲಿಲ್ಲ. ನೀವರೆ ಬಂದ್ರಲ್ಲ, ಬರ್ರಿ."

"ಇದೇನೋ ಇದು? ಯಾಕ ಹೇರಿದಿ ಇಷ್ಟೆಲ್ಲಾ?"

"ನೀವ ಹೇಳಿದ್ರಲ್ರಿ."

ಅವನು ಕೆಳಗಿಳಿದು, ಮೊಬೈಲು ತೆಗೆದು, ನನ್ನ ಕಿವಿಯ ಹತ್ತಿರ ಹಿಡಿದ. ಮೊದಲು ದೂರದಿಂದ ಒಂದು ದನಿ, ಮಳೆಯೊಳಗಿಂದ ಕೂಗಿದ್ದು: "ಹತ್ತೊಂಬತ್ತು!" ಆಮೇಲೆ ನನ್ನ ದನಿ. "ಹತ್ತೊಂಬತ್ತು. ಹೊಳಿ ಓಣ್ಯಾಗಿನವರು ಎಲ್ಲಾರೂ ಈಗಿಂದೀಗ ಮನಿ ಬಿಡ್ರಿ. ಮುದುಕರನ್ನ ಮೊದಲ ಒಯ್ರಿ. ದನಾ ಬಿಚ್ರಿ. ಸಾಮಾನ ಆಮ್ಯಾಲ. ನಾ ಸೇತುವಿ ಮ್ಯಾಲ ನಿಂತ ಹೇಳಾಕತ್ತೇನಿ."

ದನಿ ನನ್ನದೇ. ಒಂದು ಅಕ್ಷರವೂ ಸುಳ್ಳಲ್ಲ. ಆದರೆ ಅದು ದೊಡ್ಡ ನೆರೆ ಬಂದ ವರ್ಷದ ಮಾತು. ಆಗ ನಾನು ಸೇತುವೆಯ ಮೇಲೆ ನಿಂತು ಓಣಿಯ ಗ್ರೂಪಿಗೆ ಕಳಿಸಿದ್ದೆ. ಅದನ್ನು ಕೇಳಿಯೇ ಓಣಿಯ ಜನ ಹೊತ್ತಿಗೆ ಸರಿಯಾಗಿ ಮನೆ ಬಿಟ್ಟಿದ್ದರು, ಒಂದು ಜೀವವೂ ಹೋಗಿರಲಿಲ್ಲ. ಈಗ ಇಷ್ಟು ವರ್ಷಗಳ ನಂತರ, ಮೋಡ ಮುಸುಕಿದ್ದ ಬುಧವಾರ ಸಂಜೆ ಏಳಕ್ಕೆ, ಅದೇ ಮಾತು ಅದೇ ಗ್ರೂಪಿಗೆ ತಿರುಗಿ ಬಂದಿತ್ತು. ಮೊದಲಿನ ತುಂಡು ಇರಲಿಲ್ಲ. ನಾನು ತಾರೀಖು, ವಾರ, ಗಂಟೆ, ಹಾಜರಿದ್ದವರ ಹೆಸರು ಹೇಳಿದ ತುಂಡನ್ನು ಯಾರೋ ಕತ್ತರಿಸಿ ಒಗೆದಿದ್ದರು.

"ಸಾಮಾನ ಆಮ್ಯಾಲ ಅಂದೇನಲ್ಲೋ ಅದರಾಗ!" ಎಂದೆ. ಸಿಟ್ಟಿನಲ್ಲಿ ಬಾಯಿಗೆ ಬಂದದ್ದು ಅಷ್ಟೇ.

"ಆಮ್ಯಾಲನ ಹೇರೇನ್ರಿ. ಮೊದಲ ಅವ್ವನ್ನ ಒಯ್ದೆ, ಆಮ್ಯಾಲ ಆಕಳಾ, ಆಮ್ಯಾಲ ಸಾಮಾನ. ನೀವು ಹೇಳಿದ ಕ್ರಮದಾಗ."

ಅವನು ಒಂದು ಚೀಲದ ಬಾಯಿ ಬಿಚ್ಚಿದ. ಗೌರಿ ಹಬ್ಬಕ್ಕೆಂದು ಎರಡು ತಿಂಗಳಿಂದ ಮಾಡಿದ್ದ ಹಣ್ಣುಗಳು ಅದರಲ್ಲಿದ್ದವು. ಹಗುರ ಕಟ್ಟಿಗೆಯ ಬಾಳೆ, ಮಾವು, ಸೀತಾಫಲ, ದಾಳಿಂಬೆ. ಅವನ ಮನೆಯಲ್ಲಿ ಇವನ್ನು ಬಣ್ಣ ಹಚ್ಚಿ ದಾರಕ್ಕೆ ತೂಗುಬಿಟ್ಟು, ಒಂದಕ್ಕೊಂದು ತಾಗದ ಹಾಗೆ ಮೂರು ದಿನ ಒಣಗಿಸುತ್ತಾರೆ. ಬುಧವಾರ ಬೆಳಿಗ್ಗೆಯಷ್ಟೇ ಕೊನೆಯ ಬಣ್ಣ ಹಚ್ಚಿದ್ದರು. ಹಸಿ ಬಣ್ಣದ ಹಣ್ಣುಗಳನ್ನು ಚೀಲಕ್ಕೆ ತುಂಬಿ ಹೊತ್ತೊಯ್ದಿದ್ದರಿಂದ ಬಾಳೆ ದಾಳಿಂಬೆಗೆ ಅಂಟಿತ್ತು, ಮಾವಿನ ಮೈಗೆ ಗೋಣಿಯ ನಾರು ಹತ್ತಿತ್ತು. ಒಂದನ್ನು ಕಿತ್ತರೆ ಇನ್ನೊಂದರ ಸಿಪ್ಪೆ ಬರುತ್ತಿತ್ತು. ಅವನು ಕಿತ್ತು ತೋರಿಸಿ ಮತ್ತೆ ಚೀಲಕ್ಕೆ ಹಾಕಿದ.

"ಹೊಳಿ ಎಷ್ಟು ದೂರ ಐತೋ? ನೂರು ಹೆಜ್ಜಿ. ಹೋಗಿ ನೋಡಬಾರದೇನು?"

"ಒಬ್ಬಾವ ಹೋಗಿ ನೋಡಿ ಬಂದ್ನರಿ. ನೀರು ಕೆಳಗ ಐತಿ, ಮೆಟ್ಟಲಾ ಎಲ್ಲಾ ಕಾಣ್ತಾವ ಅಂದ. ಎಲ್ಲಾರೂ ಕೂಡಿ ಅವಗ ಬೈದ್ರು. ಸಾಹೇಬ್ರಿಗಿಂತ ನೀ ಶಾಣ್ಯಾ ಏನ್ಲೇ ಅಂತ." ಅವನು ನನ್ನ ಮುಖ ನೋಡದೆ ಹಗ್ಗ ಬಿಚ್ಚತೊಡಗಿದ. "ನಾನೂ ಬೈದೆ. ನಿಮಗ ಫೋನ್ ಹಚ್ಚಿ ಹಚ್ಚಿ ಬೆರಳು ನೋಯ್ತು. ಸ್ವಿಚ್ ಆಫ್."

ಅದು ನಿಜ. ನಾನು ಮೊಬೈಲನ್ನು ಬೆಳಿಗ್ಗೆ ಎಂಟರಿಂದ ಎಂಟೂವರೆ, ಸಂಜೆ ಆರರಿಂದ ಆರೂವರೆಯವರೆಗೆ ಮಾತ್ರ ಚಾಲೂ ಇಡುತ್ತೇನೆ. ಸುಳ್ಳು ಬಂದದ್ದು ಏಳಕ್ಕೆ. ಅರ್ಧ ಗಂಟೆ ತಪ್ಪಿತ್ತು. ಈ ತಪ್ಪನ್ನು ನಾನು ಬರೆದಿಡಲೇಬೇಕು. ಬೇರೆಯವರ ಮೇಲಿನ ಸಿಟ್ಟು ಅದರಿಂದ ಕಡಿಮೆಯೇನೂ ಆಗಲಿಲ್ಲ.

ಗೆಳೆಯ ಕೊನೆಗೆ ಅಂದ: "ಹಣ್ಣು ಹೋದ್ವು, ಹೋಗ್ಲಿ. ಇನ್ನ ಮ್ಯಾಲ ನಿಮ್ಮ ದನಿಗಿ ಈ ಓಣ್ಯಾಗ ಯಾರೂ ಏಳಂಗಿಲ್ರಿ. ಅದನ್ನ ವಿಚಾರ ಮಾಡ್ರಿ."

ವಿಚಾರ ಮಾಡುವುದಕ್ಕೇನೂ ಉಳಿದಿರಲಿಲ್ಲ. ಹುಕ್ಕೇರಿ ಕಡೆಯ ಡ್ಯಾಮು ತುಂಬುತ್ತ ಬಂದಿದೆ ಎಂದು ಕೌಜಲಗಿಯಲ್ಲಿ ಪೇಪರಿನಲ್ಲಿ ಓದಿದ್ದೆ. ಇನ್ನೊಂದು ವಾರ ಹೀಗೇ ಮಳೆಯಾದರೆ ಬಾಗಿಲು ತೆರೆಯಲೇಬೇಕು. ಆಗ ನಿಜವಾದ ನೀರು ಬರುತ್ತದೆ. ಆ ಹೊತ್ತಿಗೆ ಓಣಿ ನನ್ನ ಮಾತು ನಂಬದಿದ್ದರೆ ಹೋಗುವುದು ಕಟ್ಟಿಗೆಯ ಹಣ್ಣಲ್ಲ, ಮನುಷ್ಯರು. ಆದ್ದರಿಂದ ಆ ದಿನ ಸಂಜೆಯೊಳಗೆ ಪೂರಾ ಮಾತು ಹುಡುಕಿ ತರಬೇಕು, ನಾನು ತಾರೀಖು ಹೇಳಿದ್ದೆ ಎಂದು ಎಲ್ಲರಿಗೂ ಕೇಳಿಸಬೇಕು ಎಂದು ನಿಶ್ಚಯ ಮಾಡಿದೆ. ನನ್ನ ಬಳಿ ಅದು ಇರಲಿಲ್ಲ. ಹಳೆಯ ಮೊಬೈಲು ಕೆಟ್ಟು ಹೊಸದು ತಂದಾಗ ಹಳೆಯದೆಲ್ಲ ಹೋಗಿತ್ತು. ಓಣಿಯಲ್ಲಿ ಕೇಳಿದೆ, ಯಾರ ಬಳಿಯೂ ಉಳಿದಿರಲಿಲ್ಲ. ಕತ್ತರಿಸಿದವರನ್ನೇ ಹಿಡಿಯಬೇಕಿತ್ತು.

ಎಂಟು ಗಂಟೆ. ಗ್ರೂಪಿಗೆ ಅದನ್ನು ಹಾಕಿದವರು ಹಿಟ್ಟಿನ ಗಿರಣಿ ನಡೆಸುವ, ಓಣಿಯವರೆಲ್ಲ ಚಿಕ್ಕಮ್ಮನ ಹಾಗೆ ಖಾಲಾ ಎಂದು ಕರೆಯುವ ಹೆಂಗಸು. ಅವರ ತಲೆಗೂದಲು ಯಾವಾಗಲೂ ಜೋಳದ ಹಿಟ್ಟಿನಿಂದ ಬೆಳ್ಳಗಿರುತ್ತದೆ. ನಾನು ಬಾಗಿಲಿಗೆ ಬಂದದ್ದನ್ನು ನೋಡಿಯೇ ಗಿರಣಿ ನಿಲ್ಲಿಸಿದರು.

"ಬೈಯಾಕ ಬಂದೀರೇನ್ರಿ? ಬೈರಿ. ಮುಂಜಾನಿಂದ ಎಂಟು ಮಂದಿ ಬೈದ ಹೋಗ್ಯಾರ, ನೀವು ಒಂಬತ್ತನೇದವರು."

"ಖರೆ ಐತೋ ಸುಳ್ಳೋ ಅಂತ ನೋಡಬಾರದೇನು ಖಾಲಾ?"

"ನೋಡೇನ್ರಿ! ಮ್ಯಾಲ ಬಾಣದ ಗುರ್ತು ಇತ್ತು. ಮಂದಿ ಕೈಯಿಂದ ಕೈಗಿ ಕಳಿಸಿದ್ರ ಬಾಣ ಬರ್ತೈತಿ. ಇಷ್ಟು ಮಂದಿ ಕೂಡಿ ಸುಳ್ಳ ಹೇಳ್ತಾರೇನು ಅಂದ್ಕೊಂಡೆ."

ಆ ಗುರುತು ಎಚ್ಚರ ಹೇಳಲೆಂದು ಹಾಕಿದ್ದು, ಸಾಕ್ಷಿ ಹೇಳಲೆಂದಲ್ಲ ಎಂದು ನಾನು ಕಿರುಚಿದೆ. ಅವರು ಹಿಟ್ಟಿನ ಕೈಯಿಂದ ಮುಖ ಒರೆಸಿಕೊಂಡು, "ಅದನ್ನ ಬಾಣದ ಮಗ್ಗಲಕ ಬರೀಬೇಕಿತ್ತಲ್ರಿ ಅವರು" ಎಂದರು. ಆಮೇಲೆ, ತಮಗೆ ಕಳಿಸಿದವನು ಮೂಡಲಗಿಯ ಕಾಳಿನ ವ್ಯಾಪಾರಿ, ಗಿರಣಿಗೆ ಜೋಳ ಕೊಡುವವನು ಎಂದು ಹೇಳಿ ಅಂಗಡಿಯ ಗುರುತು ಕೊಟ್ಟರು. ಫೋನು ಹಚ್ಚಿ ಕೊಡಲೇ ಎಂದರು. ಬೇಡ ಎಂದೆ. ಫೋನಿನಿಂದ ಆದ ಹೊಲಸನ್ನು ಫೋನಿನಿಂದಲೇ ತೊಳೆಯುವ ಮನಸ್ಸಿರಲಿಲ್ಲ. ಮುಖ ನೋಡಿ ಕೇಳಬೇಕಿತ್ತು.

ಮೂಡಲಗಿ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಕೂತು ಹಲ್ಲು ಕಡಿಯುತ್ತಲೇ ಹೋದೆ. ನಮ್ಮ ಕಾಲದ ಪದ್ಧತಿ ನೆನಪಾಗುತ್ತಿತ್ತು. ಮಟ್ಟ ಓದುವುದಕ್ಕೆ ಇಬ್ಬರು. ಒಬ್ಬ ಕೆಳಗೆ ನೀರಿನ ಅಂಚಿನಲ್ಲಿ ನಿಂತು ಕಂಬದ ಮೇಲಿನ ಅಂಕಿ ಕೂಗುವವನು, ಇನ್ನೊಬ್ಬ ಮೇಲೆ ನಿಂತು ಅದನ್ನೇ ತಿರುಗಿ ಕೂಗಿ ಬರೆಯುವವನು. ತಿರುಗಿ ಕೂಗದೆ ಬರೆದ ಅಂಕಿ ಅಂಕಿಯಲ್ಲ. ಟೆಲಿಫೋನಿನಲ್ಲೂ ಅಷ್ಟೇ; ಆ ಕಡೆಯವನು ನಾನು ಹೇಳಿದ್ದನ್ನು ತಿರುಗಿ ಹೇಳುವವರೆಗೆ ನಾನು ರಿಸೀವರು ಇಡುತ್ತಿರಲಿಲ್ಲ. ಸೇತುವೆಯ ಬಾಜೂಕ್ಕೆ ಒಂದು ಕರಿಹಲಗೆ ಇತ್ತು. ಬೆಳಿಗ್ಗೆ ಆರಕ್ಕೆ ಒದ್ದೆ ಬಟ್ಟೆಯಿಂದ ನಿನ್ನೆಯದನ್ನು ಒರೆಸಿ ಇಂದಿನದನ್ನು ಬರೆಯುತ್ತಿದ್ದೆ. ಆ ಹಲಗೆಯ ದೊಡ್ಡ ಗುಣವೇ ಅದು. ನಿನ್ನೆಯ ಮಾತು ಇಂದು ಅಲ್ಲಿರುತ್ತಿರಲಿಲ್ಲ. ಈಗ ಒರೆಸುವ ಬಟ್ಟೆ ಯಾರ ಕೈಯಲ್ಲೂ ಇಲ್ಲ. ಹಳೆಯ ನೀರು, ಹಳೆಯ ಸಾವು, ಹಳೆಯ ಬೆಂಕಿ ಎಲ್ಲವೂ ಒಂದೇ ತಿಪ್ಪೆಯಲ್ಲಿ ಬಿದ್ದಿವೆ. ಯಾರು ಕೆದರಿದರೂ ಬಿಸಿಯಾಗಿಯೇ ಏಳುತ್ತವೆ. ಹಲಗೆಯನ್ನು ಯಾವಾಗಲೋ ತೆಗೆದರು. ಕಂಬವಿದ್ದಲ್ಲಿ ಈಗ ಒಂದು ಯಂತ್ರ ಕೂತಿದೆ. ಅದು ಕಚೇರಿಗೆ ಹೇಳುತ್ತದೆ, ಓಣಿಗೆ ಹೇಳುವುದಿಲ್ಲ.

ಮೊಬೈಲು ಬೇಡವೇ ಬೇಡ ಎನ್ನುವ ಮುದುಕರ ಗುಂಪಿನವನಲ್ಲ ನಾನು. ನೆರೆಯ ವರ್ಷ ಓಣಿ ಉಳಿದದ್ದು ಅದರಿಂದಲೇ. ಮನೆಮನೆಗೆ ಓಡಿ ಹೇಳಿದ್ದರೆ ಕೊನೆಯ ಮನೆಗೆ ನಾನು ಮುಟ್ಟುವ ಮೊದಲು ನೀರು ಮುಟ್ಟುತ್ತಿತ್ತು. ನನ್ನ ಸಿಟ್ಟು ಯಂತ್ರದ ಮೇಲಲ್ಲ. ಕೈಗೆ ಬಂದ ಮಾತನ್ನು ಬಿಸಿ ರೊಟ್ಟಿಯ ಹಾಗೆ ಮುಂದಿನವನ ಕೈಗೆ ಒಗೆಯುವ ಚಟದ ಮೇಲೆ.

ಹತ್ತಕ್ಕೆ ಐದು ನಿಮಿಷ. ಕಾಳಿನ ವ್ಯಾಪಾರಿ ಸಿಕ್ಕ. ನಲವತ್ತರ ಆಸುಪಾಸಿನ, ದುಂಡನೆಯ, ನಗುಮುಖದ ಮನುಷ್ಯ. ತಕ್ಕಡಿಯ ಹತ್ತಿರ ಎರಡು ಮೊಬೈಲು ಇಟ್ಟುಕೊಂಡು ಕೂತಿದ್ದ. ನಾನು ಯಾರೆಂದು ಹೇಳಿದ ಕೂಡಲೇ ಎದ್ದು ನಿಂತ.

"ಅಯ್ಯ, ಆ ದನಿ ನಿಮ್ದನ? ಬರ್ರಿ ಬರ್ರಿ, ಕೂಡ್ರಿ. ಭಾಳ ಚಲೋ ಹೇಳೀರಿ. ನಾ ಇಪ್ಪತ್ಮೂರು ಗ್ರೂಪಿಗಿ ಕಳಿಸೇನಿ."

"ನೀರು ಬಂತೇನು?"

"ಇಲ್ಲಂತಲ್ರಿ. ದೇವರು ದೊಡ್ಡಾವ."

ದೇವರ ಮೇಲೆ ಹಾಕಿ ಅವನು ಕೈ ತೊಳೆದುಕೊಂಡದ್ದು ನೋಡಿ ನನಗೆ ಮೈ ಉರಿಯಿತು. ನಿನಗೆ ಕಳಿಸಿದವರು ಯಾರು ಎಂದೆ. ಅವನು ಸ್ವಲ್ಪ ತಡವರಿಸಿದ.

"ಯಾರೂ ಕಳಿಸಿಲ್ರಿ. ನನ್ನ ಹೇಣ್ತಿ ಫೋನಿನ್ಯಾಗ ಇತ್ತು. ಸಂಜಿಮುಂದ ಅಡಗಿ ಮನ್ಯಾಗ ಅದನ್ನ ಕೇಳ್ಕೋತ ಅಳಾಕತ್ತಿದ್ಲು. ಏನಂತ ಕಿವಿ ಕೊಟ್ಟೆ, ಮನಿ ಬಿಡ್ರಿ ಮನಿ ಬಿಡ್ರಿ ಅಂತೈತಿ. ನನ್ನ ಎದಿ ಧಸಕ್ ಅಂತು. ಗೋಕಾಕದಾಗ ನಮ್ಮ ಗಿರಾಕಿ ಎಷ್ಟ ಅದಾರ! ಫೋನ್ ಕಸ್ಗೊಂಡು ಮೊದಲ ಎಲ್ಲಾರಿಗೂ ಕಳಿಸಿಬಿಟ್ಟೆ."

"ಯಾಕ ಅಳಾಕತ್ತೀದಿ ಅಂತ ಆಕಿನ್ನ ಕೇಳ್ಲಿಲ್ಲಾ?"

"ಟೈಮ್ ಎಲ್ಲಿತ್ರಿ? ನೀರು ಬರಾಕತ್ತಿತ್ತಲ್ಲ!"

ಹೆಂಡತಿ ಅಳುತ್ತಿದ್ದಾಳೆ. ಎರಡು ಹೆಜ್ಜೆ ಆಚೆ ಇದ್ದಾಳೆ. ಇಪ್ಪತ್ತಮೂರು ಗ್ರೂಪಿನ ಜನಕ್ಕೆ ಹೇಳಲು ಹೊತ್ತಿದೆ, ಅವಳನ್ನು ಒಂದು ಮಾತು ಕೇಳಲು ಹೊತ್ತಿಲ್ಲ. ನಾನು ಆ ಅಂಗಡಿಯಲ್ಲಿ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಜೋಳ ಕೊಳ್ಳಲು ಬಂದಿದ್ದ ಇಬ್ಬರು ಚೀಲ ಅಲ್ಲೇ ಬಿಟ್ಟು ಹೊರಗೆ ಹೋಗಿ ನಿಂತರು.

ಗದ್ದಲಕ್ಕೆ ಒಳಗಿನಿಂದ ಅವನ ಹೆಂಡತಿ ಬಂದಳು. ನನ್ನನ್ನು ನೋಡಿ ಸೆರಗು ಸರಿ ಮಾಡಿಕೊಂಡಳು.

"ಕಾಕಾ, ನನ್ನ ಗುರ್ತು ಸಿಗಲಿಲ್ಲೇನ್ರಿ? ಸೇತುವಿ ಮ್ಯಾಲ ನಿಮಗ ಬುತ್ತಿ ತರ್ತಿದ್ದೆ."

ಆಗ ಗುರುತು ಸಿಕ್ಕಿತು. ಹದಿನಾಲ್ಕು ವರ್ಷ ನನ್ನ ಜೊತೆ ಕೆಳಗೆ ನೀರಿನ ಅಂಚಿನಲ್ಲಿ ನಿಂತು ಅಂಕಿ ಕೂಗಿದ ನನ್ನ ಸಹಾಯಕನ ಮಗಳು. ಅವನ ಊರು ಹುಕ್ಕೇರಿ, ನೌಕರಿಯಿದ್ದಾಗ ಗೋಕಾಕದಲ್ಲೇ ಮನೆ ಮಾಡಿದ್ದ. ತೀರಿಕೊಂಡು ಮೂರು ವರ್ಷ. ಮೊಬೈಲಿನಲ್ಲಿ "ಹತ್ತೊಂಬತ್ತು" ಎಂದು ಕೂಗಿದ ದನಿ ಅವನದೇ. ಬೆಳಿಗ್ಗೆ ಅದು ನನ್ನ ಕಿವಿಗೆ ಬಿದ್ದಾಗ ನಾನು ನನ್ನ ದನಿಯನ್ನಷ್ಟೇ ಕೇಳಿದ್ದೆ, ಅವನದನ್ನು ಕೇಳಿರಲಿಲ್ಲ.

"ನಿನ್ನಿ ಅಪ್ಪನ ಪುಣ್ಯತಿಥಿ ಇತ್ರಿ. ನನಗ ಹೋಗಾಕ ಆಗ್ಲಿಲ್ಲ. ಅವ್ವ ಇದನ್ನ ಕಳಿಸಿದ್ಲು, ಕೇಳು ಅಂತ." ಅವಳು ಗಂಡನ ಕಡೆ ನೋಡಿದಳು. "ಇವರಿಗೆ ಮಾವನ ದನಿ ಗುರ್ತ ಸಿಗಲಿಲ್ಲ."

"ಒಂದ ಶಬ್ದ ಅದು" ಎಂದ ಅವನು, ಈಗ ಸಣ್ಣ ದನಿಯಲ್ಲಿ.

ಪೂರಾ ಮಾತು ಅವಳ ಬಳಿ ಇರಲಿಲ್ಲ. ಅವ್ವನ ಹಳೆಯ ಮೊಬೈಲಿನಲ್ಲಿ ಇದ್ದರೂ ಇರಬಹುದು ಎಂದಳು. ಹತ್ತೂವರೆಯ ಬಸ್ಸು ಹಿಡಿದು ಗೋಕಾಕಕ್ಕೆ ಬಂದು, ನಿಲ್ದಾಣದಲ್ಲೇ ಹುಕ್ಕೇರಿ ಬಸ್ಸಿಗಾಗಿ ನಿಂತೆ. ನನ್ನ ಮುಂದೆ ಒಬ್ಬಳು ಕಾಲೇಜಿನ ಹುಡುಗಿ ಹುಕ್ಕೇರಿ ಬಸ್ಸು ಎಷ್ಟೊತ್ತಿಗೆ ಎಂದು ಮೊಬೈಲನ್ನು ಕೇಳುತ್ತಿದ್ದಳು. ಮೊಬೈಲು ಯಾವುದೋ ವೇಳೆ ಹೇಳಿತು. ಅವಳ ಬೆನ್ನ ಹಿಂದೆಯೇ ಕಂಡಕ್ಟರು "ಹುಕ್ಕೇರಿ, ಹುಕ್ಕೇರಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದ. ಕಿವಿಗೆ ಹಾಕಿಕೊಂಡಿದ್ದ ಬಿಳಿ ಗುಂಡಿ ತೆಗೆ ಎಂದು ನಾನೇ ಸನ್ನೆ ಮಾಡಿ ಅವಳನ್ನು ಹತ್ತಿಸಿದೆ. ಅವಳು ನಕ್ಕಳು. ಆ ದಿನ ನನಗೆ ನಗು ಬರುವಂತಿರಲಿಲ್ಲ.

ಒಂದೂವರೆಗೆ ಹುಕ್ಕೇರಿ. ಸಹಾಯಕನ ಹೆಂಡತಿ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದರು. ಜೊತೆಗೆ ಇಬ್ಬರು ಓರಗಿತ್ತಿಯರು, ಒಂದೇ ಮೊರ. ಮಗಳು ಆಗಲೇ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ದಾರಿಯುದ್ದಕ್ಕೂ ನಾನು ಕಟ್ಟಿಕೊಂಡು ಬಂದಿದ್ದ ಮಾತುಗಳನ್ನು ಅವರು ಆಡಲು ಬಿಡಲಿಲ್ಲ.

"ಮೊದಲ ನೀರು ಕುಡೀರಿ. ಬೈಯೂದು ಎಲ್ಲಿ ಹೊಕ್ಕೈತಿ."

ನೀರು ಕುಡಿದೆ. ಕತ್ತರಿಸಿದವರು ಯಾರು ಎಂದು ಕೇಳಿದೆ.

"ನಾನರಿ" ಎಂದರು. ಅಂಜಿಕೆಯಿಲ್ಲ. ಒಂದಿಷ್ಟು ಹೆಮ್ಮೆಯೂ ಇತ್ತು ದನಿಯಲ್ಲಿ. "ಹೆಂಗ ತುಂಡು ಮಾಡೂದು ಅಂತ ಕಲಿಯಾಕ ನಾಕು ದಿನ ಹಿಡೀತು. ಮೊದಲಿಗೆ ನಿಮ್ಮ ತಾರೀಖು, ವಾರ, ಗಂಟೆ, ಹಾಜರಿದ್ದವರು ಅಂತ ಉದ್ದಕ ಇತ್ತಲ್ಲ, ಅಷ್ಟ ತಗದೇನಿ. ಅವರ ದನಿ ಲಗೂ ಬರ್ಲಿ ಅಂತ."

"ಬಾಯಾರ, ನೀವು ತಗದಿದ್ರಾಗ ಅವನ ಹೆಸರು ಇತ್ರಿ. ನಾ ಅವನ ಹೆಸರು ಹೇಳೇನಿ ಅದರಾಗ."

ಅವರು ಶೇಂಗಾದ ಸಿಪ್ಪೆ ಕೈಯಿಂದ ಝಾಡಿಸಿದರು.

"ಹೆಸರು ನೀವು ಹೇಳೀರಿ. ದನಿ ಅವರದು."

ಅವರ ಗಂಡನ ಫೋಟೋ ಗೋಡೆಯ ಮೇಲೆ ಇತ್ತು, ವಿಭೂತಿ ಹಚ್ಚಿಕೊಂಡು ನೆಟ್ಟಗೆ ನಿಂತದ್ದು. ದನಿ ಮಾತ್ರ ಈ ಒಂದು ಶಬ್ದದಲ್ಲಿ ಉಳಿದಿತ್ತು. ಮಗಳ ಮದುವೆಯ ವಿಡಿಯೋದಲ್ಲಿ ಅವನು ಬಾಯಿ ಬಿಟ್ಟಿರಲಿಲ್ಲ. ಮನೆಯಲ್ಲೂ ಹೆಚ್ಚು ಮಾತಾಡುವವನಲ್ಲ. ಹೊಳೆಯ ಹತ್ತಿರ ಮಾತ್ರ ಅವನ ಗಂಟಲು ತೆರೆಯುತ್ತಿತ್ತು.

ಅವರು ಒಳಗಿನಿಂದ ಗಾಜು ಸೀಳಿದ ಹಳೆಯ ಮೊಬೈಲು ತಂದರು. ಅದರಲ್ಲಿ ಪೂರಾ ಮಾತು ಇತ್ತು. ಕೇಳಿದೆವು. ನನ್ನ ದನಿ ತಾರೀಖು ಹೇಳಿತು, ವಾರ ಹೇಳಿತು, ಗಂಟೆ ನಿಮಿಷ ಹೇಳಿತು, ಹಾಜರಿದ್ದವರು ನಾನು ಮತ್ತು ಅವನು ಎಂದಿತು. ಆಮೇಲೆ ಅವನು ಕೂಗಿದ. ಓರಗಿತ್ತಿಯರಿಬ್ಬರೂ ಕೈ ನಿಲ್ಲಿಸಿದರು. ನಾನು ಅದನ್ನು ನನ್ನ ಮೊಬೈಲಿಗೆ ಕಳಿಸಿಕೊಂಡೆ.

"ತುಂಡು ಮಾಡಿದ್ದನ್ನ ಅಳಿಸಬೇಕೇನ್ರಿ?" ಎಂದು ಕೇಳಿದರು.

ಬೆಳಿಗ್ಗೆಯಿಂದ ಆ ಮಾತು ಹೇಳಲೆಂದೇ ಅಷ್ಟು ದೂರ ಬಂದಿದ್ದೆ. ಬಾಯಿಗೆ ಬರಲಿಲ್ಲ. "ಇಟ್ಗೊಳ್ರಿ. ಯಾರಿಗೂ ಕಳಿಸಬ್ಯಾಡ್ರಿ."

"ಮಗಳಿಗೂ?"

ಎರಡೂವರೆಯ ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಚಪ್ಪಲಿ ಹಾಕಿಕೊಳ್ಳುವಾಗ ಅವರು ಒಂದು ಪೊಟ್ಟಣ ಶೇಂಗಾ ಕೈಗಿಟ್ಟರು. ನನ್ನ ಸಿಟ್ಟು ಹಾಗೆಯೇ ಇತ್ತು. ಅದನ್ನು ಇಳಿಸುವ ಜಾಗ ಮಾತ್ರ ಹುಕ್ಕೇರಿಯಲ್ಲಿ ಸಿಗಲಿಲ್ಲ. ಬಸ್ಸಿನಲ್ಲಿ ಶೇಂಗಾ ಮುಟ್ಟಲಿಲ್ಲ.

ನಾಲ್ಕೂ ಕಾಲು, ಗೋಕಾಕ. ಓಣಿಯ ಅರಳಿಕಟ್ಟೆಗೆ ಎಲ್ಲರನ್ನೂ ಕರೆದೆ. ಹದಿನೈದು ಇಪ್ಪತ್ತು ಜನ ಬಂದರು. ಖಾಲಾ ಗಿರಣಿ ಬಂದ್ ಮಾಡಿ ಬಂದರು. ಗೆಳೆಯ ಬರಲಿಲ್ಲ, ತನ್ನ ಹೊಸ್ತಿಲ ಮೇಲೇ ಕೂತು ಹಣ್ಣುಗಳನ್ನು ಒಂದರಿಂದೊಂದು ಬಿಡಿಸುತ್ತಿದ್ದ, ಅಲ್ಲಿಗೂ ಕೇಳಿಸುತ್ತಿತ್ತು. ನಾನು ಪೂರಾ ಮಾತನ್ನು ಮೊದಲಿಂದ ಹಚ್ಚಿದೆ. ತಾರೀಖು, ವಾರ, ಗಂಟೆ. ಮುಗಿದ ಮೇಲೆ ಎಲ್ಲರ ಮುಖ ನೋಡಿದೆ.

ಮೊಬೈಲು ರಿಪೇರಿ ಮಾಡುವವನೊಬ್ಬ ನಮ್ಮ ಓಣಿಯಲ್ಲಿದ್ದಾನೆ. ಅವನು ತಲೆ ಕೆರೆದುಕೊಂಡ. "ಕಾಕಾ, ಸಿಟ್ಟಾಗಬ್ಯಾಡ್ರಿ. ಈಗ ದನೀನೂ ಮಾಡ್ತಾರ್ರಿ. ನಿಮ್ಮ ದನಿ ಎರಡು ನಿಮಿಷ ಸಿಕ್ರ ಸಾಕು, ನೀವು ಹುಟ್ಟಿದಾಗಿಂದ ಆಡದ ಮಾತೆಲ್ಲಾ ಆಡಿಸ್ತಾರ. ತಾರೀಖು ಹಚ್ಚೂದೇನು ದೊಡ್ಡ ಮಾತು?"

"ಅಂದ್ರ ನಾ ಈಗ ಹಚ್ಚೇನಿ ಅಂತೀಯೇನೋ?"

"ನೀವಂತಲ್ರಿ. ಹಚ್ಚಬಹುದು ಅಂತ."

ಹಿಂದಿನಿಂದ ಯಾರೋ ಅಂದರು: "ಖರೆ ಇದ್ರೂ, ಮುಂದಿನ ಸಲ ಎರಡು ಸಲ ವಿಚಾರ ಮಾಡಿ ಏಳ್ತೀವಪಾ." ಯಾರೋ ನಕ್ಕರು. ಎರಡು ಸಲ ವಿಚಾರ ಮಾಡುವಷ್ಟು ಹೊತ್ತು ಹೊಳೆ ಕೊಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಏಳತೊಡಗಿದ್ದರು. ಎರಡು ಊರು ತಿರುಗಿ ತಂದ ಸಾಕ್ಷಿ ಆರು ನಿಮಿಷದಲ್ಲಿ ಮುಗಿದಿತ್ತು. ಕೈಯಲ್ಲಿದ್ದ ಮೊಬೈಲನ್ನು ಕಟ್ಟೆಯ ಮೇಲೆ ಕುಕ್ಕಿದೆ. ಒಡೆಯಲಿಲ್ಲ.

ಗೆಳೆಯ ಹೊಸ್ತಿಲಿನಿಂದ ಎದ್ದು ಬಂದ. ಒಂದು ಕೈಯಲ್ಲಿ ಕೆಂಪು ಬಣ್ಣದ ಡಬ್ಬಿ, ದಾಳಿಂಬೆಗೆ ಹಚ್ಚಿ ಉಳಿದದ್ದು. ಇನ್ನೊಂದರಲ್ಲಿ ಬ್ರಷ್ಷು.

"ನಿಮ್ಮ ದನಿ ಸಾಕ್ರಿ ಇನ್ನ. ಕಣ್ಣಿಗಿ ಕಾಣೂ ಹಂಗ ಏನರೆ ಬರ್ಸ್ರಿ. ಹೊಳ್ಯಾಗಿನ ಮೆಟ್ಟಲದ ಮ್ಯಾಲ. ಯಾವ ಗೆರಿಗೆ ನೀರು ಬಂದ್ರ ಏಳಬೇಕು, ನಾವ ನೋಡ್ತೀವಿ. ಯಾರ ಫೋನೂ ಬ್ಯಾಡ."

ಅವನ ದನಿಯಲ್ಲಿ ನನ್ನ ಮೇಲಿನ ಸಿಟ್ಟು ಪೂರಾ ಇತ್ತು. ನನಗೆ ಅದರ ಬಗ್ಗೆ ಏನೂ ಅನ್ನಿಸಲಿಲ್ಲ. ಅವನು ಹೇಳಿದ್ದು ಕೆಲಸದ ಮಾತು. ಮನೆಗೆ ಹೋಗಿ ನನ್ನ ಸ್ವಂತದ ಹಳೆಯ ಟಿಪ್ಪಣಿ ಪುಸ್ತಕ ತಂದೆ. ಸೇತುವೆಯ ಕಂಬದ ಯಾವ ಅಂಕಿಗೆ ನಮ್ಮ ಓಣಿಯ ಮೆಟ್ಟಿಲುಗಳಲ್ಲಿ ನೀರು ಎಲ್ಲಿರುತ್ತಿತ್ತು ಎಂದು ಪ್ರತಿ ಮಳೆಗಾಲವೂ ಬರೆದಿಟ್ಟಿದ್ದೆ. ಯಾರೂ ಬರೆ ಎಂದು ಹೇಳಿರಲಿಲ್ಲ. ಹನ್ನೆರಡಕ್ಕೆ ಕೆಳಗಿನ ಮೂರನೇ ಮೆಟ್ಟಿಲು ಮುಳುಗುತ್ತದೆ. ಹದಿನಾರಕ್ಕೆ ಮೊದಲ ಮನೆಯ ಹೊಸ್ತಿಲಿಗೆ ಎರಡು ಮೊಳ ಉಳಿಯುತ್ತದೆ. ಹತ್ತೊಂಬತ್ತು ಎಂದರೆ ಅರಳಿಕಟ್ಟೆಯ ಬುಡ.

ಗೆರೆಗಳು ದೂರಕ್ಕೂ ಕಾಣಲೆಂದು ಮೆಟ್ಟಿಲ ಪಕ್ಕದ ಗೋಡೆಗೆ ಹಾಕುವುದೆಂದಾಯಿತು; ಅಲ್ಲಿಗೆ ಮಟ್ಟ ಒಯ್ಯಲು ನೀರು ತುಂಬಿದ ಪಾರದರ್ಶಕ ನಳಿಗೆ ಬೇಕಿತ್ತು. ಗಿರಣಿಯಲ್ಲಿ ಒಂದು ಸಿಕ್ಕಿತು. ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಗೆ ಯಾರು ಎಂದು ನೋಡುವಾಗ ಖಾಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಹಿಡಿದರು. ಸಂಜೆಯ ಹೊಳೆ ಕೆಳಗೆ, ಕೆಂಪಗೆ, ತನ್ನ ಪಾಡಿಗೆ ಹರಿಯುತ್ತಿತ್ತು. ಎಂಟನೇ ಅಂಕಿಯನ್ನೂ ಮುಟ್ಟಿರಲಿಲ್ಲ.

"ಹನ್ನೆರಡು" ಎಂದೆ.

ಖಾಲಾ ಸುಮ್ಮನೆ ನಳಿಗೆ ಹಿಡಿದು ನಿಂತರು.

"ತಿರುಗಿ ಹೇಳ್ರಿ ಖಾಲಾ. ನಾ ಹೇಳಿದ್ದನ್ನ ನೀವು ತಿರುಗಿ ಹೇಳೂತನಕ ಅವ ಬ್ರಷ್ ಮುಟ್ಸಂಗಿಲ್ಲ."

"ಅರೆ, ಕಿವಿ ಕೇಳಸ್ತಾವ ನನಗ!"

"ಕೇಳಸ್ತಾವ. ಹೇಳ್ರಿ."

"ಹನ್ನೆರಡು" ಎಂದರು, ಗಿರಣಿಯ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿಯಲ್ಲಿ. ಗೆಳೆಯ ಬರೆದ. ಹದಿಮೂರು, ಹದಿನಾಲ್ಕು. ಹದಿನೈದಕ್ಕೆ ನಾನು ಬೇಕೆಂದೇ ತಪ್ಪಾಗಿ ಹದಿನಾರು ಎಂದೆ. ಅವರು ತಿರುಗಿ ಹೇಳದೆ ನಳಿಗೆಯ ಮೇಲಿಂದ ನನ್ನನ್ನು ದಿಟ್ಟಿಸಿ, "ಹದಿನೈದು ಎಲ್ಲಿಗಿ ಹೋತ್ರಿ ಸಾಹೇಬ್ರ? ಕತ್ತರಿಸಿದ್ರೇನು?" ಎಂದರು. ಸುತ್ತ ನಿಂತವರು ನಕ್ಕರು. ಆ ಹೊತ್ತಿಗೆ ಎದ್ದು ಹೋದವರಲ್ಲಿ ಅರ್ಧ ಜನ ತಿರುಗಿ ಬಂದಿದ್ದರು. ಮೊಬೈಲು ರಿಪೇರಿಯವನು ಫೋಟೋ ತೆಗೆಯಲು ಮೊಬೈಲು ಎತ್ತಿದ. ನಾನು ನೋಡಿದ ಕೂಡಲೇ ಜೇಬಿಗಿಟ್ಟು, ಬಣ್ಣದ ಡಬ್ಬಿ ಹಿಡಿಯಲು ಬಂದ.

ಹದಿನಾರರ ಎದುರು ಗೆಳೆಯ ತಾನಾಗಿಯೇ "ಏಳ್ರಿ" ಎಂದು ದಪ್ಪ ಅಕ್ಷರದಲ್ಲಿ ಬರೆದ. ಹಣ್ಣಿನ ಮೇಲೆ ಗೆರೆ ಎಳೆದು ಎಳೆದು ಪಳಗಿದ ಕೈ. ಅಂಕಿಗಳು ಅಚ್ಚು ಹೊಡೆದ ಹಾಗೆ ನಿಂತವು. ಹತ್ತೊಂಬತ್ತಕ್ಕೆ ಬಂದಾಗ ನಾನು ಕೂಗಿದೆ, ಖಾಲಾ ತಿರುಗಿ ಕೂಗಿದರು. ಅವನು ಒಂಬತ್ತರ ಬಾಲ ಕೆಳಗೆಳೆದು ಬ್ರಷ್ಷು ಎತ್ತಿದ.

ಆರು ಗಂಟೆ ನಲವತ್ತು ನಿಮಿಷ. ಹಾಜರಿದ್ದವರು: ನಾನು, ಗಿರಣಿಯ ಖಾಲಾ, ಆಟಿಕೆ ಮಾಡುವ ಗೆಳೆಯ, ಓಣಿಯ ಹನ್ನೊಂದು ಜನ. ಬ್ರ‌ಷ್ಷನ್ನು ಟರ್ಪೆಂಟೈನಿನಲ್ಲಿ ತೊಳೆದು, ಒರೆಸಿ, ಡಬ್ಬಿಯ ಮುಚ್ಚಳವನ್ನು ಕಲ್ಲಿನಿಂದ ಬಡಿದು ಬಿಗಿ ಮಾಡಿ, ಗೆಳೆಯನ ಹೊಸ್ತಿಲ ಮೇಲೆ ಇಟ್ಟು ಬಂದೆ.